ಗಡಿಯಾರದೊಡನೆ ಓಡಿದವನು

ನಮ್ಮ ಭಾಷೆಯಲ್ಲಿ ಆರಂಭಶೂರನೆಂಬ ಒಂದು ಮಾತುಂಟು. ಅದರಲ್ಲಿ ಹಾಸ್ಯವೂ ಇದೆ, ಕನಿಕರವೂ ಇದೆ. ಕಾರ್ಯದ ಮೊದಲ ದಿನ ಮನುಷ್ಯನು ತೋರುವ ಶೌರ್ಯವು ಮೂವತ್ತನೆಯ ದಿನ ಎಲ್ಲಿ ಅಡಗಿಕೊಳ್ಳುತ್ತದೆಂಬುದನ್ನು ಕಣ್ಣಾರೆ ಕಂಡವರೇ ಈ ಮಾತನ್ನು ಟಂಕಿಸಿರಬೇಕು. ಕಾಲೇಜಿನ ಅಧ್ಯಾಪಕನಾದ ನಾನು ಇದನ್ನು ವರ್ಷವರ್ಷವೂ ನೋಡುತ್ತೇನೆ. ತರಗತಿಗಳು ತೆರೆದ ಹೊಸತರಲ್ಲಿ ನಸುಕಿನ ಹೊತ್ತು ಮೈದಾನದ ತುಂಬ ಓಡುವ ಹುಡುಗರು. ಮಳೆ ಹಿಡಿದಮೇಲೆ ಅವರಲ್ಲಿ ಅರ್ಧದಷ್ಟು ಜನ. ದಸರೆಯ ರಜೆ ಕಳೆದು ಬಂದಮೇಲೆ ಒಬ್ಬರೋ ಇಬ್ಬರೋ. ನಡುವೆ ಬಿಟ್ಟವರನ್ನೆಲ್ಲ ಸೋಮಾರಿಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಾಗದು. ಓಟದ ಅಭ್ಯಾಸದಲ್ಲಿ ದೇಹವು ದುಡಿಮೆಯನ್ನು ಮೊದಲು ಕೇಳುತ್ತದೆ, ಕೂಲಿಯನ್ನು ತಡವಾಗಿ ಕೊಡುತ್ತದೆ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುವುದನ್ನು ಹೃದಯವು ಕಲಿಯಬೇಕು. ಆ ರಕ್ತದಿಂದ ಹೆಚ್ಚು ಪ್ರಾಣವಾಯುವನ್ನು ಹೀರುವುದನ್ನು ಸ್ನಾಯುಗಳು ಕಲಿಯಬೇಕು. ಇದಕ್ಕೆ ವಾರಗಳೇ ಹಿಡಿಯುತ್ತವೆ. ಆ ವಾರಗಳಲ್ಲಿ ಓಡುವವನ ಪಾಲಿಗೆ ಕಾಲುನೋವು ಮತ್ತು ಏದುಸಿರಲ್ಲದೆ ಬೇರೇನೂ ದೊರೆಯುವುದಿಲ್ಲ. ಇಷ್ಟು ಕಷ್ಟಪಟ್ಟು ಗಳಿಸಿದ್ದಾದರೂ, ಅಭ್ಯಾಸ ತಪ್ಪಿದರೆ, ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ.

ನಲವತ್ತು ದಾಟಿದಮೇಲೆ ನಾನೂ ಬೆಳಗಿನ ಓಟವನ್ನು ರೂಢಿಮಾಡಿಕೊಂಡವನು. ಹಾಸಿಗೆ ಬಿಟ್ಟೇಳುವ ಕ್ಷಣದಲ್ಲಿ ದಿನವೂ ಒಂದೇ ವಾದ ಮನಸ್ಸಿನಲ್ಲಿ ನಡೆಯುತ್ತದೆ. ದಿನವೂ ಆ ವಾದವನ್ನು ಹೊಸದಾಗಿ ಗೆಲ್ಲಬೇಕಾಗುತ್ತದೆ. ಹೀಗಿರುವಾಗ, ಇಪ್ಪತ್ತು ಇಪ್ಪತ್ತೈದು ವರ್ಷ ಒಂದೇ ಸಮನೆ ಓಡಿದ ಮಹಾನುಭಾವರನ್ನು ಅಷ್ಟು ಕಾಲ ಹಿಡಿದು ನಡೆಸಿದ ಶಕ್ತಿ ಯಾವುದು ಎಂಬ ಕುತೂಹಲ ನನಗೆ ಹುಟ್ಟಿದ್ದು ಸಹಜವೇ ಆಗಿದೆ. ಉತ್ತರವನ್ನು ಅರಸುತ್ತ ಓಟಗಾರರ ಜೀವನಚರಿತ್ರೆಗಳನ್ನು ಓದತೊಡಗಿದೆ. ಅವರೆಲ್ಲರಲ್ಲಿ ನನ್ನನ್ನು ಬಹುಕಾಲ ತಡೆದು ನಿಲ್ಲಿಸಿದವನು ಫಿನ್ಲೆಂಡಿನ ಪಾವೋ ನುರ್ಮಿ. ಅವನ ಬಾಳಿನಲ್ಲಿ ನನ್ನ ಪ್ರಶ್ನೆಗೆ ಉತ್ತರವಿದೆ. ಆ ಉತ್ತರದ ಬೆಲೆ ಎಷ್ಟೆಂಬುದೂ ಇದೆ.

ಫಿನ್ಲೆಂಡಿನ ನೈಋತ್ಯ ತೀರದಲ್ಲಿ ತುರ್ಕು ಎಂಬ ಹಳೆಯ ಪಟ್ಟಣವಿದೆ. ಔರಾ ನದಿ ಅದರ ನಡುವೆ ಹರಿಯುತ್ತದೆ. 1897ನೆಯ ಇಸವಿ ಜೂನ್ 13ರಂದು ಆ ಊರಿನ ಒಬ್ಬ ಬಡಗಿಯ ಮನೆಯಲ್ಲಿ ಪಾವೋ ಹುಟ್ಟಿದ. ಆಗ ಫಿನ್ಲೆಂಡ್ ರಷ್ಯದ ಚಕ್ರವರ್ತಿಯ ಆಳಿಕೆಗೆ ಒಳಪಟ್ಟ ನಾಡು. ತಂದೆ ದೈವಭಕ್ತ, ಶಿಸ್ತಿನ ಮನುಷ್ಯ. ಹುಡುಗ ಓದಿನಲ್ಲಿ ಚುರುಕಾಗಿದ್ದ, ಓಟದಲ್ಲಿಯೂ ಚುರುಕಾಗಿದ್ದ. ಹನ್ನೊಂದರ ವಯಸ್ಸಿಗೇ 1500 ಮೀಟರುಗಳನ್ನು 5 ನಿಮಿಷ 2 ಸೆಕೆಂಡುಗಳಲ್ಲಿ ಓಡಿದ್ದನಂತೆ. ಆದರೆ 1910ರಲ್ಲಿ ತಂದೆ ತೀರಿಕೊಂಡ. ಪಾವೋಗೆ ಇನ್ನೂ ಹನ್ನೆರಡು ವರ್ಷ. ಮನೆಯ ಅಡುಗೆಕೋಣೆಯನ್ನು ಬೇರೊಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ತಾಯಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕಾಲ ಹಾಕಬೇಕಾಯಿತು. ಪಾವೋ ಶಾಲೆಯನ್ನು ಬಿಟ್ಟು ಒಂದು ಬೇಕರಿಯಲ್ಲಿ ಸಾಮಾನು ತಲುಪಿಸುವ ಹುಡುಗನಾಗಿ ಸೇರಿಕೊಂಡ. ತುರ್ಕುವಿನ ಕಡಿದಾದ ಏರುಗಳಲ್ಲಿ ಭಾರದ ಕೈಗಾಡಿಯನ್ನು ನೂಕುವುದು ಅವನ ಕೆಲಸ. ತನ್ನ ಬೆನ್ನು ಮತ್ತು ತೊಡೆಗಳಿಗೆ ಬಲ ಬಂದದ್ದು ಆ ಏರುಗಳಿಂದಲೇ ಎಂದು ಆತ ಮುಂದೆ ನೆನೆಸಿಕೊಳ್ಳುತ್ತಿದ್ದ. ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಗಾಡಿಯನ್ನು ಇಂದು ನೂಕಲೋ ಬೇಡವೋ ಎಂದು ಆ ಹುಡುಗನನ್ನು ಯಾರೂ ಕೇಳುತ್ತಿರಲಿಲ್ಲ. ಹಿಮ ಬೀಳಲಿ, ಮೈ ನೋಯಲಿ, ರೊಟ್ಟಿ ಮನೆಮನೆಗೆ ಮುಟ್ಟಬೇಕಾಗಿತ್ತು. ಮನಸ್ಸು ಬಂದ ದಿನ ದುಡಿದು ಬಾರದ ದಿನ ಬಿಡುವ ಅನುಕೂಲವೇ ಆ ಬಾಲ್ಯದಲ್ಲಿ ಇರಲಿಲ್ಲ.

ಅವನ ಮನಸ್ಸಿಗೆ ಕಿಡಿ ತಗುಲಿದ್ದು 1912ರಲ್ಲಿ. ಆ ವರ್ಷ ಸ್ಟಾಕ್‌ಹೋಮಿನಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮಾಯ್ನೆನ್ 5000 ಮೀಟರ್, 10,000 ಮೀಟರ್ ಮತ್ತು ಗುಡ್ಡಗಾಡು ಓಟ, ಹೀಗೆ ಮೂರು ಚಿನ್ನದ ಪದಕಗಳನ್ನು ಗೆದ್ದ. ಗೆದ್ದಾಗ ಮೇಲೇರಿದ ಬಾವುಟ ಮಾತ್ರ ರಷ್ಯದ್ದು. ಸ್ವಂತ ಬಾವುಟವಿಲ್ಲದ ಒಂದು ಸಣ್ಣ ಜನಾಂಗಕ್ಕೆ ಆ ಓಟಗಾರನ ಕಾಲುಗಳೇ ಬಾವುಟವಾದವು. ಹದಿನೈದು ವರ್ಷದ ಪಾವೋ ಕೆಲವೇ ದಿನಗಳಲ್ಲಿ ತನ್ನ ಮೊದಲ ಓಟದ ಬೂಟುಗಳನ್ನು ಕೊಂಡುಕೊಂಡ.

ಸಾಮಾನ್ಯವಾಗಿ ಜೀವನಚರಿತ್ರೆಗಳನ್ನು ಬರೆಯುವವರು ಇಂಥ ಕಿಡಿಯ ಕ್ಷಣವನ್ನು ಬಣ್ಣಿಸಿ, ಒಡನೆಯೇ ಗೆಲುವಿನ ಪುಟಕ್ಕೆ ಹಾರಿಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಇವೆರಡರ ನಡುವಣ ಕಾಲ. ಬೂಟು ಕೊಂಡ ವರ್ಷ 1912. ಮೊದಲ ಒಲಿಂಪಿಕ್ ಪದಕ ಬಂದದ್ದು 1920ರಲ್ಲಿ. ಎಂಟು ವರ್ಷ! ಒಬ್ಬ ವಿದ್ಯಾರ್ಥಿ ಪ್ರೌಢಶಾಲೆಯನ್ನು ಸೇರಿ, ಪದವಿಯನ್ನೂ ಪಡೆದು ಹೊರಬರುವಷ್ಟು ದೀರ್ಘವಾದ ಕಾಲ. ಕೊಲೆಹ್ಮಾಯ್ನೆನನನ್ನು ಕಂಡು ಬೂಟು ಕೊಂಡ ಹುಡುಗರು ಫಿನ್ಲೆಂಡಿನಲ್ಲಿ ಆ ಬೇಸಗೆ ನೂರಾರು ಮಂದಿ ಇದ್ದಿರಬೇಕು. ಎಂಟು ವರ್ಷ ಆ ಕಿಡಿಯೊಂದೇ ಉರಿಯಲಾರದು. ಅದಕ್ಕೆ ದಿನದಿನವೂ ಸೌದೆ ಬೇಕು.

ನುರ್ಮಿಯ ಸೌದೆ ನಿಯಮ. ಬೇಸಗೆಯಲ್ಲಿ ಕಾಡುದಾರಿಗಳಲ್ಲಿ ಓಟ. ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರುವುದು. ಅದಲ್ಲದೆ ಮೈಲಿಗಟ್ಟಲೆ ನಡಿಗೆ. ಹದಿನೈದರಿಂದ ಇಪ್ಪತ್ತೊಂದರವರೆಗೆ ಮಾಂಸ, ಕಾಫಿ, ಚಹ, ಮದ್ಯಗಳನ್ನು ಬಿಟ್ಟಿದ್ದ. 1914ರಲ್ಲಿ ಊರಿನ ಒಂದು ಕ್ರೀಡಾಸಂಘವನ್ನು ಸೇರಿ 3000 ಮೀಟರ್ ಓಟದಲ್ಲಿ ಮೊದಲ ಗೆಲುವು ಪಡೆದ. ಇವೆಲ್ಲ ಆ ಕಾಲದ ಯಾವ ಪತ್ರಿಕೆಯ ಮೊದಲ ಪುಟದಲ್ಲಿಯೂ ಬರುವ ಸುದ್ದಿಗಳಲ್ಲ. ಯೂರೋಪಿನಲ್ಲಿ ಮಹಾಯುದ್ಧ ನಡೆಯುತ್ತಿತ್ತು. 1916ರ ಒಲಿಂಪಿಕ್ ಕ್ರೀಡೆಗಳು ನಡೆಯಲೇ ಇಲ್ಲ. 1917ರ ಡಿಸೆಂಬರಿನಲ್ಲಿ ಫಿನ್ಲೆಂಡ್ ಸ್ವತಂತ್ರವಾಯಿತು. ಮರುವರ್ಷ ಅಂತರ್ಯುದ್ಧದಲ್ಲಿ ಬೆಂದಿತು. ಮುಂದೆ ಸ್ಪರ್ಧೆಯೊಂದು ನಡೆದೀತೆಂಬ ಭರವಸೆಯೇ ಇಲ್ಲದ ಕಾಲದಲ್ಲಿ ಆ ತರುಣ ತನ್ನ ದಿನದ ಓಟವನ್ನು ಓಡುತ್ತಲೇ ಇದ್ದ.

1919ರಲ್ಲಿ ಅವನು ಸೈನ್ಯವನ್ನು ಸೇರಿದ. ಅಲ್ಲಿ ನಡೆದ ಒಂದು ಪ್ರಸಂಗವನ್ನು ಅವನ ಚರಿತ್ರೆಕಾರರೆಲ್ಲ ಹೇಳುತ್ತಾರೆ. ಹೆಗಲಲ್ಲಿ ಬಂದೂಕು, ಸೊಂಟಕ್ಕೆ ತೋಟಾಪಟ್ಟಿ, ಬೆನ್ನಚೀಲದಲ್ಲಿ 5 ಕಿಲೋಗ್ರಾಂ ಮರಳು ಹೊತ್ತು 20 ಕಿಲೋಮೀಟರು ಸಾಗುವ ಸ್ಪರ್ಧೆ. ಉಳಿದವರೆಲ್ಲ ನಡೆದರು, ನುರ್ಮಿ ಮೊದಲಿಂದ ಕಡೆಯವರೆಗೆ ಓಡಿದ. ಅವನು ಮುಟ್ಟಿದ ಹೊತ್ತನ್ನು ನೋಡಿದ ಕೆಲವರು, ಈ ಆಸಾಮಿ ನಡುವೆ ಯಾವುದೋ ಅಡ್ಡದಾರಿ ಹಿಡಿದಿರಬೇಕೆಂದು ಸಂಶಯಪಟ್ಟರಂತೆ. ರೊಟ್ಟಿಯ ಗಾಡಿಯನ್ನು ನೂಕಿದ್ದವನಿಗೆ 5 ಕಿಲೋಗ್ರಾಂ ಮರಳು ಯಾವ ಲೆಕ್ಕ?

1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಕನ್ನಡಿಗರಾದ ನಮಗೆ ಆ ಕ್ರೀಡೆಗಳೊಡನೆ ಒಂದು ನಂಟಿದೆ. ಸರ್ ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ ಭಾರತದ ಮೊದಲ ತಂಡ ಅಲ್ಲಿಗೆ ಹೋಗಿತ್ತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರೂ ಇದ್ದರು. ಅಲ್ಲಿಯ ಮ್ಯಾರಥಾನ್ ಓಟ 42 ಕಿಲೋಮೀಟರು 750 ಮೀಟರುಗಳಷ್ಟು ದೂರದ್ದು; ಒಲಿಂಪಿಕ್ ಮ್ಯಾರಥಾನ್‌ಗಳಲ್ಲೆಲ್ಲ ಅತಿ ದೀರ್ಘವಾದದ್ದು. ಚೌಗುಲೆಯವರು ಅದನ್ನು ಸುಮಾರು 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು. ಆ ಓಟದಲ್ಲಿ ಮೊದಲಿಗನಾದವನು ಅದೇ ಕೊಲೆಹ್ಮಾಯ್ನೆನ್. ತುರ್ಕುವಿನ ಹುಡುಗನಿಗೆ ಬೂಟು ಕೊಳ್ಳುವಂತೆ ಮಾಡಿದವನ ಹಿಂದೆ ಒಂದೇ ದಾರಿಯಲ್ಲಿ ನಮ್ಮ ಬೆಳಗಾವಿಯ ಓಟಗಾರರೂ ಓಡಿದರೆಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ನುರ್ಮಿಯ ಮೊದಲ ಸ್ಪರ್ಧೆ 5000 ಮೀಟರುಗಳದು. ಎದುರಾಳಿ ಫ್ರಾನ್ಸಿನ ಜೋಸೆಫ್ ಗಿಯ್ಮೊ. ಯುದ್ಧದಲ್ಲಿ ವಿಷವಾಯುವನ್ನು ಉಸಿರಾಡಿ ಬದುಕಿ ಬಂದಿದ್ದ ಯೋಧ ಈತ. ನುರ್ಮಿ ತನ್ನ ಅಭ್ಯಾಸದಂತೆ ಆರಂಭದಲ್ಲಿಯೇ ವೇಗವಾಗಿ ಓಡಿ ಎಲ್ಲರನ್ನೂ ದಣಿಸಲು ನೋಡಿದ. ಗಿಯ್ಮೊ ಅವನನ್ನು ನೆರಳಿನಂತೆ ಹಿಂಬಾಲಿಸಿ ಕಡೆಯಲ್ಲಿ ಮುನ್ನುಗ್ಗಿಬಿಟ್ಟ. ಮೂರು ದಿನಗಳ ಮೇಲೆ ನಡೆದ 10,000 ಮೀಟರುಗಳಲ್ಲಿ ನುರ್ಮಿ ಅದೇ ಗಿಯ್ಮೊನನ್ನು ಸೋಲಿಸಿದ. ಗುಡ್ಡಗಾಡು ಓಟದಲ್ಲಿ ಒಂಟಿಯಾಗಿಯೂ ತಂಡದೊಡನೆಯೂ ಚಿನ್ನ ಗೆದ್ದ. ಈ ಗೆಲುವುಗಳ ದೆಸೆಯಿಂದ ತುರ್ಕುವಿನ ಅವನ ಮನೆಗೆ ವಿದ್ಯುದ್ದೀಪವೂ ಕೊಳಾಯಿಯ ನೀರೂ ಬಂದವು. ಹೆಲ್ಸಿಂಕಿಯ ಕೈಗಾರಿಕಾ ಶಾಲೆಯಲ್ಲಿ ಓದಲು ಅವನಿಗೆ ವಿದ್ಯಾರ್ಥಿವೇತನ ದೊರೆಯಿತು. ಹನ್ನೆರಡರ ವಯಸ್ಸಿನಲ್ಲಿ ಮುಚ್ಚಿದ್ದ ಶಾಲೆಯ ಬಾಗಿಲು ಇಪ್ಪತ್ತಮೂರರಲ್ಲಿ ತೆರೆಯಿತು.

ಆದರೆ ಅವನ ಮನಸ್ಸು ನೆಟ್ಟದ್ದು ಮೂರು ಗೆಲುವುಗಳ ಮೇಲಲ್ಲ, ಆ ಒಂದು ಸೋಲಿನ ಮೇಲೆ. ತಾನು ಎಲ್ಲಿ ಎಡವಿದೆ ಎಂದು ಆತ ಲೆಕ್ಕ ಹಾಕಿದ. ಆರಂಭದ ವೇಗ ದುಂದುಗಾರನ ಖರ್ಚಿನಂತಿತ್ತು; ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಓಟಕ್ಕೂ ಆರಂಭಶೂರತ್ವವೆಂಬುದುಂಟೆಂದು ಅವನಿಗೆ ಮನವರಿಕೆಯಾಯಿತು. ಅಂದಿನಿಂದ ಅವನು ಒಂದು ಸ್ಟಾಪ್‌ವಾಚನ್ನು ಕೈಯಲ್ಲಿ ಹಿಡಿದು ಓಡತೊಡಗಿದ. ಅಭ್ಯಾಸದಲ್ಲಿ ಮಾತ್ರವಲ್ಲ, ಸಾವಿರಾರು ಜನ ನೆರೆದ ಪಂದ್ಯಗಳಲ್ಲಿಯೂ! ಒಂದೊಂದು ಸುತ್ತಿಗೂ ಇಷ್ಟು ಸೆಕೆಂಡು ಎಂದು ಮೊದಲೇ ನಿಗದಿ. ಸುತ್ತು ಮುಗಿಯುತ್ತಲೇ ಅಂಗೈಯತ್ತ ಒಂದು ನೋಟ. ಹೆಚ್ಚಿದ್ದರೆ ಇಳಿಸುವುದು, ಕಡಿಮೆಯಾಗಿದ್ದರೆ ಏರಿಸುವುದು. ಎದುರಾಳಿಗಳು ಮುಂದೆ ಹೋದರೂ ಸರಿ, ಹಿಂದೆ ಬಿದ್ದರೂ ಸರಿ, ಆತ ತಿರುಗಿಯೂ ನೋಡುತ್ತಿರಲಿಲ್ಲ. ಬಿಗಿದ ತುಟಿ, ನಗೆಯಿಲ್ಲದ ಮುಖ, ನೆಟ್ಟಗೆ ನಿಂತ ಮುಂಡ, ಉದ್ದವಾದ ಹೆಜ್ಜೆ: ಇದು ಆ ಕಾಲದ ಛಾಯಾಚಿತ್ರಗಳಲ್ಲಿ ಕಾಣುವ ನುರ್ಮಿ.

ಆ ಗಡಿಯಾರದ ಮರ್ಮವನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ವೇಗವನ್ನು ಸಮನಾಗಿ ಹಂಚುವುದು ಅದರ ಹೊರಗಿನ ಪ್ರಯೋಜನ. ಒಂದೇ ಸಮನಾದ ವೇಗದಲ್ಲಿ ಓಡುವವನು ಅದೇ ಬಲದಿಂದ ಹೆಚ್ಚು ದೂರ ಹೋಗುತ್ತಾನೆಂಬುದನ್ನು ಇಂದು ಕಲಿಯುವ ಹುಡುಗನೂ ಬಲ್ಲ. ಅದರ ಒಳಗಿನ ಪ್ರಯೋಜನ ಬೇರೆ. ಓಟವೆಂಬ ಅಳತೆಗೆಟ್ಟ ಕಷ್ಟವನ್ನು ಅದು ಅಳೆಯಬಹುದಾದ ಸಣ್ಣಸಣ್ಣ ಕರ್ತವ್ಯಗಳನ್ನಾಗಿ ಒಡೆದುಕೊಟ್ಟಿತು. ಹತ್ತು ಸಾವಿರ ಮೀಟರು ಎಂದರೆ ಎದೆ ನಡುಗುತ್ತದೆ; ಈ ಒಂದು ಸುತ್ತು ಎಂದರೆ ಮನಸ್ಸು ಒಪ್ಪುತ್ತದೆ. ಇನ್ನೊಂದು ಮಾತು. ಜಗತ್ತಿನ ಶ್ರೇಷ್ಠ ಓಟಗಾರನಾಗುವೆನೋ ಇಲ್ಲವೋ ಎಂಬ ಪ್ರಶ್ನೆಗೆ ಈ ದಿನ ಉತ್ತರವಿಲ್ಲ. ನಿನ್ನೆಗಿಂತ ಒಂದು ಸೆಕೆಂಡು ಬೇಗ ಓಡಿದೆನೋ ಇಲ್ಲವೋ ಎಂಬುದಕ್ಕೆ ಈ ಕ್ಷಣವೇ ಉತ್ತರವುಂಟು. ದೇಹವು ತಡಮಾಡಿ ಕೊಡುವ ಕೂಲಿಯನ್ನು ಗಡಿಯಾರವು ಅಂದಂದಿಗೆ ಚಿಲ್ಲರೆಯಾಗಿ ಕೊಟ್ಟಿತು. ಪ್ರತಿದಿನ ಓಡುವವನನ್ನು ಹಿಡಿದು ನಿಲ್ಲಿಸುವುದು ಬಹುಮಟ್ಟಿಗೆ ಈ ಚಿಲ್ಲರೆಯೇ. ದಿನಚರಿಯಲ್ಲಿ ಓಡಿದ ದೂರವನ್ನು ಬರೆದಿಡುವ ಹುಡುಗನೂ, ಕ್ಯಾಲೆಂಡರಿನ ತಾರೀಖಿಗೆ ಗುರುತು ಹಾಕುವ ಗೃಹಸ್ಥನೂ, ಮಣಿಕಟ್ಟಿನ ಯಂತ್ರವನ್ನು ನೋಡಿಕೊಳ್ಳುವ ಇಂದಿನ ತರುಣಿಯೂ ಅರಿತೋ ಅರಿಯದೆಯೋ ನುರ್ಮಿಯ ಸಂಪ್ರದಾಯಕ್ಕೆ ಸೇರಿದವರು.

ಫಲ ಬೇಗನೆ ತೋರಿತು. 1921ರಲ್ಲಿ ಸ್ಟಾಕ್‌ಹೋಮಿನಲ್ಲಿ 10,000 ಮೀಟರುಗಳ ವಿಶ್ವದಾಖಲೆ. 1923ರಲ್ಲಿ ಅದೇ ಊರಿನಲ್ಲಿ ಒಂದು ಮೈಲಿಯ ದಾಖಲೆ, 4 ನಿಮಿಷ 10.4 ಸೆಕೆಂಡು. ಮೈಲಿ, 5000, 10,000 ಮೂರರಲ್ಲಿಯೂ ದಾಖಲೆಗಳು ಏಕಕಾಲದಲ್ಲಿ ಒಬ್ಬನ ಹೆಸರಿನಲ್ಲಿದ್ದದ್ದು ಅದೇ ಮೊದಲು.

1924ರ ವಸಂತದಲ್ಲಿ, ಹಿಮಗಟ್ಟಿದ ದಾರಿಯಲ್ಲಿ ಓಡುತ್ತಿದ್ದಾಗ ಬಿದ್ದು ಮಂಡಿಗೆ ಪೆಟ್ಟಾಯಿತು. ಪ್ಯಾರಿಸ್ ಒಲಿಂಪಿಕ್ಸಿಗೆ ಉಳಿದಿದ್ದುದು ಕೆಲವೇ ತಿಂಗಳು. ಅಭ್ಯಾಸ ನಿಂತಾಗಲೇ ಅಭ್ಯಾಸಿಯ ಪರೀಕ್ಷೆ. ಆತ ಮೊದಲು ನಡೆದ, ಮೆಲ್ಲಮೆಲ್ಲನೆ ಓಡಿದ, ಕ್ರಮವಾಗಿ ಹಳೆಯ ವೇಗಕ್ಕೆ ಮರಳಿದ. ಪ್ಯಾರಿಸಿನಲ್ಲಿ 1500 ಮತ್ತು 5000 ಮೀಟರುಗಳ ಅಂತಿಮ ಓಟಗಳು ಒಂದೇ ದಿನ, ಎರಡು ಗಂಟೆಗೂ ಕಡಿಮೆಯ ಅಂತರದಲ್ಲಿ ನಡೆಯಲಿದ್ದವು. ಇದು ಸಾಧ್ಯವೋ ಎಂದು ನೋಡಲು ನುರ್ಮಿ ಜೂನ್ 19ರಂದು ಹೆಲ್ಸಿಂಕಿಯಲ್ಲಿ ಎರಡನ್ನೂ ಒಂದು ಗಂಟೆಯ ಅಂತರದೊಳಗೆ ಓಡಿ ನೋಡಿದ. ಎರಡರಲ್ಲಿಯೂ ವಿಶ್ವದಾಖಲೆಯಾಯಿತು!

ಪ್ಯಾರಿಸಿನ ಆ ದಿನ ಜುಲೈ 10. 1500 ಮೀಟರುಗಳನ್ನು ಆತ ನಿರಾಯಾಸವಾಗಿ ಗೆದ್ದ. 5000ಕ್ಕೆ ನಿಂತಾಗ ಎದುರಿಗಿದ್ದವರು ಸ್ವದೇಶದವನೇ ಆದ ವಿಲ್ಲೆ ರಿಟೋಲ ಮತ್ತು ಸ್ವೀಡನ್ನಿನ ಎಡ್ವಿನ್ ವಿಡೆ. ನುರ್ಮಿ ದಣಿದಿರಬೇಕೆಂದು ಎಣಿಸಿ ಇಬ್ಬರೂ ಆರಂಭದಿಂದಲೇ ಬಿರುಸಾಗಿ ಓಡಿದರು. ಇಲ್ಲಿ ಒಂದು ವಿಶೇಷ ನಡೆಯಿತು. ಈ ಹೊತ್ತು ತನ್ನ ಸ್ಪರ್ಧೆ ಗಡಿಯಾರದೊಡನೆ ಅಲ್ಲ, ಈ ಇಬ್ಬರು ಮನುಷ್ಯರೊಡನೆ ಎಂದು ಕಂಡುಕೊಂಡ ನುರ್ಮಿ ಓಡುತ್ತಿದ್ದಂತೆಯೇ ಸ್ಟಾಪ್‌ವಾಚನ್ನು ಹುಲ್ಲಿನ ಮೇಲೆ ಎಸೆದುಬಿಟ್ಟ. ವಿಡೆ ಹಿಂದೆ ಬಿದ್ದ. ಕಡೆಯವರೆಗೂ ರಿಟೋಲ ಬಿಡಲಿಲ್ಲ; ಗೆಲುವಿನ ಅಂತರ ಸೆಕೆಂಡಿನ ಹತ್ತರಲ್ಲಿ ಎರಡು ಪಾಲು. ನಿಯಮವನ್ನು ಚೆನ್ನಾಗಿ ಪಾಲಿಸಿದವನಿಗೆ ಅದನ್ನು ಯಾವಾಗ ಕೈಬಿಡಬೇಕೆಂಬುದೂ ತಿಳಿದಿರುತ್ತದೆ. ಗಡಿಯಾರವನ್ನು ಎಸೆಯುವ ಧೈರ್ಯ, ಅದನ್ನು ವರ್ಷಗಟ್ಟಲೆ ಹಿಡಿದವನಿಗಲ್ಲದೆ ಬೇರೆಯವರಿಗೆ ಬಾರದು.

ಎರಡು ದಿನಗಳ ಮೇಲೆ ಗುಡ್ಡಗಾಡು ಓಟ. ಆ ದಿನದ ಬಿಸಿಲು ಚರಿತ್ರೆಯಲ್ಲಿ ಉಳಿದಿದೆ. ಹೊರಟವರು 38 ಮಂದಿ. ಮುಗಿಸಿದವರು ಕೇವಲ 15. ಕೆಲವರು ದಿಕ್ಕುತಪ್ಪಿ ತೂರಾಡಿದರು, ಕೆಲವರು ಪ್ರಜ್ಞೆತಪ್ಪಿ ಬಿದ್ದರು. ನುರ್ಮಿ ಬಿಸಿಲೇ ಇಲ್ಲವೆಂಬಂತೆ ಓಡಿ ಬಂದ. ಎರಡನೆಯವನಾದ ರಿಟೋಲ ಬಂದದ್ದು ಸುಮಾರು ಒಂದೂವರೆ ನಿಮಿಷದ ಮೇಲೆ. ಮರುದಿನ 3000 ಮೀಟರುಗಳ ತಂಡದ ಓಟ. ಒಟ್ಟು ಐದು ಚಿನ್ನ. 10,000 ಮೀಟರುಗಳಿಗೆ ಮಾತ್ರ ಫಿನ್ಲೆಂಡಿನ ಅಧಿಕಾರಿಗಳು ಅವನನ್ನು ನಿಲ್ಲಿಸಲಿಲ್ಲ. ಅದನ್ನು ರಿಟೋಲ ಗೆದ್ದ. ನುರ್ಮಿ ತನ್ನ ಅಸಮಾಧಾನವನ್ನು ಮಾತಿನಲ್ಲಿ ಕಳೆಯಲಿಲ್ಲ. ಊರಿಗೆ ಮರಳಿ, ಆಗಸ್ಟ್ 31ರಂದು ಕುಯೋಪಿಯೊ ಎಂಬಲ್ಲಿ ಆ ದೂರವನ್ನು 30 ನಿಮಿಷ 6.2 ಸೆಕೆಂಡುಗಳಲ್ಲಿ ಓಡಿದ. ಆ ದಾಖಲೆಯನ್ನು ಮುರಿಯಲು ಜಗತ್ತಿಗೆ ಹೆಚ್ಚುಕಡಿಮೆ ಹದಿಮೂರು ವರ್ಷ ಹಿಡಿಯಿತು.

1925ರಲ್ಲಿ ಅಮೆರಿಕ ಅವನನ್ನು ಕರೆಸಿಕೊಂಡಿತು. ಐದು ತಿಂಗಳಲ್ಲಿ 55 ಪಂದ್ಯಗಳು, ಸೋತವು ಬೆರಳೆಣಿಕೆಯಷ್ಟು. ನ್ಯೂಯಾರ್ಕಿನಲ್ಲಿ ಅರ್ಧ ಮೈಲಿಯ ಓಟದಲ್ಲಿ ಅಲನ್ ಹೆಲ್ಫ್ರಿಚ್ ಎಂಬಾತ ಸೋಲಿಸಿದಾಗ, 121 ಪಂದ್ಯಗಳ ಸತತ ವಿಜಯಮಾಲೆ ಕಡಿಯಿತು. ಅದೇ ವರ್ಷ ಶಿಲ್ಪಿ ವೈನೊ ಆಲ್ಟೊನೆನ್ ಓಡುತ್ತಿರುವ ನುರ್ಮಿಯ ಪ್ರತಿಮೆಯನ್ನು ಮುಗಿಸಿದ. ಇಪ್ಪತ್ತೆಂಟನೆಯ ವಯಸ್ಸಿಗೇ ಕಂಚಿನಲ್ಲಿ ನಿಂತವನಿಗೆ ಮಾರನೆಯ ದಿನ ಮತ್ತೆ ಓಡಲು ಏನು ಕಾರಣ ಉಳಿದೀತು? ಅಷ್ಟಕ್ಕೂ ಆ ಯಾತ್ರೆ ಅವನ ದೇಹವನ್ನು ಬಹಳ ಸವೆಸಿತ್ತು. ಸ್ನಾಯುಗಳ ಬಿಗಿತ, ಹಿಮ್ಮಡಿಯ ನರದ ನೋವು ಮುಂದೆ ಅವನನ್ನು ಕಾಡಿದವು. ಆದರೂ ಓಟ ನಿಲ್ಲಲಿಲ್ಲ.

1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 10,000 ಮೀಟರುಗಳ ಚಿನ್ನ ದೊರೆಯಿತು. 5000ದಲ್ಲಿ ರಿಟೋಲನಿಗೆ ಸೋತು ಬೆಳ್ಳಿ. ಅಡೆತಡೆಗಳ 3000 ಮೀಟರ್ ಓಟದಲ್ಲಿ ಸ್ವದೇಶದ ಲೌಕೊಲನಿಗೆ ಸೋತು ಮತ್ತೊಂದು ಬೆಳ್ಳಿ. ಈ ಕೊನೆಯ ಸ್ಪರ್ಧೆಯ ಪ್ರಾಥಮಿಕ ಸುತ್ತಿನಲ್ಲಿ ಅವನು ನೀರಿನ ಹಳ್ಳಕ್ಕೆ ಬಿದ್ದುಬಿಟ್ಟ. ಲೂಸಿಯೆನ್ ದ್ಯುಕೆನ್ ಎಂಬ ಫ್ರೆಂಚ್ ಓಟಗಾರ ನಿಂತು, ಕೈಕೊಟ್ಟು ಅವನನ್ನು ಎಬ್ಬಿಸಿದ. ಜನರೊಡನೆ ಬೆರೆಯದ, ಪತ್ರಿಕೆಯವರೊಡನೆ ಮಾತಾಡದ, ಯಂತ್ರವೆಂದು ಎಲ್ಲರೂ ಕರೆಯುತ್ತಿದ್ದ ಆ ಮನುಷ್ಯ ಉಳಿದ ದೂರವನ್ನೆಲ್ಲ ದ್ಯುಕೆನ್‌ಗೆ ದಾರಿ ಮಾಡಿಕೊಡುತ್ತ ಓಡಿ, ಕಡೆಯಲ್ಲಿ ಮೊದಲ ಸ್ಥಾನವನ್ನೂ ಅವನಿಗೇ ಬಿಡಲು ನೋಡಿದ. ಫ್ರೆಂಚನು ಒಪ್ಪಲಿಲ್ಲ. ನುರ್ಮಿಯ ಹೃದಯದ ಬಾಗಿಲು ಜನರೆದುರು ತೆರೆದದ್ದು ಅಪರೂಪ. ಈ ಪ್ರಸಂಗ ಅವುಗಳಲ್ಲಿ ಒಂದು.

ಅವನಿಗೆ ಒಂದು ಆಸೆ ಉಳಿದಿತ್ತು. ಕೊಲೆಹ್ಮಾಯ್ನೆನನಂತೆ ತಾನೂ ಮ್ಯಾರಥಾನ್ ಗೆದ್ದು ಓಟಕ್ಕೆ ಮಂಗಳ ಹಾಡಬೇಕೆಂಬುದು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗಾಗಿ ಆತ ಸಿದ್ಧನಾದ. ಆದರೆ ಜರ್ಮನಿಯ ಪಂದ್ಯಗಳಲ್ಲಿ ಪ್ರಯಾಣವೆಚ್ಚದ ಹೆಸರಿನಲ್ಲಿ ನಿಯಮ ಮೀರಿ ಹಣ ಪಡೆದನೆಂಬ ಆಪಾದನೆಯ ಮೇಲೆ ಅಂತರರಾಷ್ಟ್ರೀಯ ಸಂಸ್ಥೆ ಅವನನ್ನು ಆ ವರ್ಷದ ಏಪ್ರಿಲಿನಲ್ಲಿ ಅಮಾನತು ಮಾಡಿತು. ನಿರ್ಣಯ ಬದಲಾದೀತೆಂಬ ನಂಬಿಕೆಯಿಂದ ಆತ ಅಮೆರಿಕಕ್ಕೂ ಹೋದ, ಅಲ್ಲಿಯೂ ದಿನದಿನವೂ ಓಡಿದ. ಸ್ಪರ್ಧೆಗಳು ಆರಂಭವಾಗುವ ಹೊತ್ತಿಗೆ ಬಾಗಿಲು ಶಾಶ್ವತವಾಗಿ ಮುಚ್ಚಿತು. ಮ್ಯಾರಥಾನ್ ಓಟ ಅವನಿಲ್ಲದೆ ನಡೆಯಿತು. ಇಷ್ಟಾದಮೇಲೆ ಬೂಟುಗಳನ್ನು ಮೂಲೆಗೆ ಎಸೆದಿದ್ದರೆ ಯಾರೂ ದೂರುತ್ತಿರಲಿಲ್ಲ. 1933ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ತನ್ನ ದೇಶದ 1500 ಮೀಟರ್ ಪ್ರಶಸ್ತಿಯನ್ನು ಆತ ತರುಣರಿಂದ ಕಿತ್ತುಕೊಂಡ. 1934ರಲ್ಲಿ ಕಡೆಯ ಪಂದ್ಯವನ್ನು ಗೆದ್ದು ನಿಂತ. ಒಂಬತ್ತು ಒಲಿಂಪಿಕ್ ಚಿನ್ನ, ಮೂರು ಬೆಳ್ಳಿ, 22 ಅಧಿಕೃತ ವಿಶ್ವದಾಖಲೆಗಳು: ಇದು ಅವನ ಖಾತೆಯ ಮೊತ್ತ.

ಅನಂತರದ ಬಾಳನ್ನು ಸಂಕ್ಷೇಪವಾಗಿ ಹೇಳಬಹುದು. ಹೆಲ್ಸಿಂಕಿಯಲ್ಲಿ ಗಂಡಸರ ಉಡುಪಿನ ಅಂಗಡಿ ತೆರೆದ. ಮನೆಗಳನ್ನು ಕಟ್ಟಿಸಿ ಶ್ರೀಮಂತನಾದ. 1932ರಲ್ಲಿ ಆದ ಮದುವೆ ಮೂರು ವರ್ಷಗಳಲ್ಲಿ ಮುರಿಯಿತು; ಒಬ್ಬ ಮಗ. 1940ರಲ್ಲಿ, ಫಿನ್ಲೆಂಡ್ ಸೋವಿಯತ್ ಸೈನ್ಯದೊಡನೆ ಹೋರಾಡುತ್ತಿದ್ದಾಗ, ಓಟಗಾರ ತೈಸ್ತೊ ಮಾಕಿಯೊಡನೆ ಅಮೆರಿಕವನ್ನು ಸುತ್ತಿ ತಾಯ್ನಾಡಿನ ಸಂತ್ರಸ್ತರಿಗಾಗಿ ನಿಧಿ ಕೂಡಿಸಿದ. 1952ರಲ್ಲಿ ಹೆಲ್ಸಿಂಕಿಯಲ್ಲೇ ಒಲಿಂಪಿಕ್ಸ್ ನಡೆದಾಗ, ಜ್ಯೋತಿಯನ್ನು ಹಿಡಿದು ಕ್ರೀಡಾಂಗಣವನ್ನು ಪ್ರವೇಶಿಸಿದವನು ಐವತ್ತೈದು ವರ್ಷದ ನುರ್ಮಿ. ಅವನ ಹೆಜ್ಜೆಯನ್ನು ಗುರುತಿಸಿದ ಜನಸ್ತೋಮ ಒಮ್ಮೆಗೇ ಗರ್ಜಿಸಿತು. ಸಾಲಾಗಿ ನಿಂತಿದ್ದ ದೇಶದೇಶಗಳ ಕ್ರೀಡಾಪಟುಗಳು ಶಿಸ್ತನ್ನು ಮರೆತು ಅವನನ್ನು ನೋಡಲು ಓಡಿಬಂದರು. ಕೆಳಗಿನ ದೀಪವನ್ನು ನುರ್ಮಿ ಬೆಳಗಿಸಿದ. ಗೋಪುರದ ತುದಿಯ ದೀಪವನ್ನು ಬೆಳಗಿಸಿದವನು ವೃದ್ಧನಾದ ಕೊಲೆಹ್ಮಾಯ್ನೆನ್.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮುಪ್ಪಿನಲ್ಲಿ ಹೃದ್ರೋಗ ಅವನನ್ನು ಹಿಡಿಯಿತು, ಪಾರ್ಶ್ವವಾಯು ಬಡಿಯಿತು, ದೃಷ್ಟಿ ಮಂದವಾಯಿತು. ಲಕ್ಷಾಂತರ ಹೆಜ್ಜೆಗಳನ್ನು ಎಣಿಸಿ ಇಟ್ಟಿದ್ದ ಕಾಲುಗಳು ಕೋಣೆಯನ್ನು ದಾಟಲೂ ಕಷ್ಟಪಟ್ಟವು. ವಿಜ್ಞಾನ, ಕಲೆಗಳ ಮುಂದೆ ಕ್ರೀಡೆಯ ಸಾಧನೆಗೆ ಬೆಲೆಯಿಲ್ಲವೆಂದು ಆಗ ಅವನು ಕಹಿಯಾಗಿ ಹೇಳುತ್ತಿದ್ದ. 1968ರಲ್ಲಿ ತನ್ನ ಸಂಪತ್ತಿನಿಂದ ಹೃದಯ ಮತ್ತು ರಕ್ತನಾಳಗಳ ರೋಗಗಳ ಸಂಶೋಧನೆಗಾಗಿ ಒಂದು ನಿಧಿಯನ್ನು ಸ್ಥಾಪಿಸಿದ. 1973ರ ಅಕ್ಟೋಬರ್ 2ರಂದು ತೀರಿಕೊಂಡ. ಸರಕಾರ ಸಕಲ ಮರ್ಯಾದೆಗಳೊಡನೆ ಅವನನ್ನು ಕಳುಹಿಸಿಕೊಟ್ಟಿತು. ರೊಟ್ಟಿಯ ಗಾಡಿ ನೂಕಿದ ತುರ್ಕುವಿನ ಮಣ್ಣಿನಲ್ಲಿಯೇ ಅವನ ಸಮಾಧಿಯಾಯಿತು.

ಆ ಕಹಿಯನ್ನು ಓದಿದಾಗ ನನ್ನ ಮನಸ್ಸು ಕಲಕಿತು. ಇಷ್ಟು ನಿಷ್ಠೆಯಿಂದ ಮಾಡಿದ ಕಾರ್ಯವನ್ನು ಮಾಡಿದವನೇ ಅಲ್ಲಗಳೆದರೆ, ಆ ನಿಷ್ಠೆಯಿಂದ ನಾವು ಕಲಿಯಬೇಕಾದದ್ದೇನು? ವಿದ್ಯಾರ್ಥಿಗಳಿಗೆ ಅವನ ಅರ್ಧ ಬಾಳನ್ನಷ್ಟೇ ಹೇಳಿ ಉಳಿದರ್ಧವನ್ನು ಮುಚ್ಚಿಡುವುದು ನನಗೆ ಸರಿತೋರಲಿಲ್ಲ. ಈಗ ನನಗೆ ತೋರುವುದು ಇಷ್ಟು. ಉತ್ಸಾಹ ಬತ್ತಿದ ದಿನವೂ ಬೂಟು ಕಟ್ಟಿಕೊಳ್ಳುವಂತೆ ಮಾಡುವುದು ನಿಯಮ ಮತ್ತು ಅಳತೆ. ಇದನ್ನು ನುರ್ಮಿಯಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟವರು ವಿರಳ. ಹೊಸಬರು ಅವನಿಂದ ಇದನ್ನು ನಿಸ್ಸಂಕೋಚವಾಗಿ ಕಡ ಪಡೆಯಬಹುದು: ದೂರವನ್ನು ಚಿಕ್ಕದಾಗಿ ಒಡೆದುಕೊಳ್ಳುವುದು, ಮೊದಲ ಸುತ್ತಿನಲ್ಲಿ ಬಲವನ್ನು ಸೂರೆಮಾಡದಿರುವುದು, ಪೆಟ್ಟಾದಾಗ ನಡಿಗೆಯಿಂದ ಮತ್ತೆ ಆರಂಭಿಸುವುದು, ನಿನ್ನೆಯ ತನ್ನೊಡನೆ ಮಾತ್ರ ಪಂದ್ಯ ಕಟ್ಟುವುದು. ಆದರೆ ಅಳತೆಯೊಂದನ್ನೇ ನಂಬಿದ ಬಾಳಿಗೆ, ಅಳೆಯಲು ಏನೂ ಉಳಿಯದ ದಿನ ಆಸರೆ ಇರುವುದಿಲ್ಲ. ಸೆಕೆಂಡುಗಳು ಕಡಿಮೆಯಾಗುವುದಕ್ಕೆ ಒಂದು ಮೇರೆಯಿದೆ. ನನ್ನ ವಯಸ್ಸಿನವನಿಗೆ ಆ ಮೇರೆ ಎಂದೋ ದಾಟಿದೆ. ಈ ವರ್ಷಕ್ಕಿಂತ ಮುಂದಿನ ವರ್ಷ ನಾನು ನಿಧಾನವಾಗಿಯೇ ಓಡುವೆನು. ಆಗಲೂ ಎದ್ದು ಹೊರಡಬೇಕಾದರೆ, ನಸುಕಿನ ಗಾಳಿಯಲ್ಲಿ, ಎದುರು ಸಿಕ್ಕವರ ಒಂದು ನಗೆಯಲ್ಲಿ, ದಾರಿಯ ಮರಗಳ ಪರಿಚಯದಲ್ಲಿ ಬೇರೊಂದು ಸಂತೋಷವನ್ನು ಈಗಿನಿಂದಲೇ ಕೂಡಿಟ್ಟುಕೊಂಡಿರಬೇಕು.

ಆಮ್‌ಸ್ಟರ್‌ಡ್ಯಾಮಿನ ಹಳ್ಳದಲ್ಲಿ ಬಿದ್ದ ನುರ್ಮಿಗೆ ಆ ಸಂತೋಷದ ಅರಿವು ಒಂದು ಕ್ಷಣವಾದರೂ ಆಗಿರಬೇಕೆಂದು ನಾನು ಊಹಿಸುತ್ತೇನೆ. ಆ ದಿನ ಅವನು ಗಡಿಯಾರವನ್ನು ಮರೆತು, ಕೈಹಿಡಿದು ಎತ್ತಿದ ಇನ್ನೊಬ್ಬನ ಜೊತೆಗೆ ಓಡಿದ. ಅವನ ದಾಖಲೆಗಳೆಲ್ಲ ಕಾಲಕ್ರಮದಲ್ಲಿ ಮುರಿದುಹೋಗಿವೆ, ಆ ಓಟ ಮಾತ್ರ ಉಳಿದಿದೆ.